ಹೆಸರಿಲ್ಲದ ಚಿತ್ರ
(ಶತಮಾನೋತ್ಸವದ ಹಳೆ ವಿದ್ಯಾರ್ಥಿ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ಶಾಲೆಯ ನೂರು ವರ್ಷಗಳ ಛಾಯಾಚಿತ್ರಗಳನ್ನು ಒಂದೆಡೆ ಸೇರಿಸುವ ಹೊಣೆಯನ್ನು ಸಮಿತಿಯು ನನಗೆ ವಹಿಸಿದೆ. 'ಟೀಚರಿಗೆ ಕ್ಯಾಮರಾದ ಹುಚ್ಚು, ಅವರೇ ಮಾಡಲಿ' ಎಂಬುದೇ ಈ ಆಯ್ಕೆಯ ಕಾರಣವೆಂದು ಬಲ್ಲೆ. ಆ ಹುಚ್ಚಿನಲ್ಲಿ ನಾನು ಮಾಡಿದ ಒಂದು ತಪ್ಪಿದೆ. ನಿಮ್ಮ ಮನೆಯ ಆಲ್ಬಮ್ಮುಗಳನ್ನು ಕೇಳುವ ಮುನ್ನ ಅದನ್ನು ನಿಮ್ಮ ಮುಂದೆ ಹೇಳಿಕೊಳ್ಳುವುದು ನ್ಯಾಯ.

ಮೊದಲ ಡಿಜಿಟಲ್ ಕ್ಯಾಮರಾ ಕೈಗೆ ಬಂದಾಗ ಬೇಕಲದ ಕೋಟೆ, ಅನಂತಪುರದ ಸರೋವರ ದೇವಾಲಯ, ಮಳೆಗಾಲದ ಚಂದ್ರಗಿರಿ ಹೊಳೆ, ಯಕ್ಷಗಾನದ ಚೌಕಿ ಎಲ್ಲವನ್ನೂ ಸೆರೆಹಿಡಿದೆ. ಚಿತ್ರಗಳನ್ನು ಅಂತರ್ಜಾಲದ ಒಂದು ತಾಣದಲ್ಲಿ ಹಂಚಿಕೊಳ್ಳತೊಡಗಿದೆ. ಗಲ್ಫಿನಲ್ಲಿ ದುಡಿಯುತ್ತಿದ್ದ ಹಳೆ ವಿದ್ಯಾರ್ಥಿಯೊಬ್ಬ ತನ್ನೂರಿನ ಕಾಲುಸೇತುವೆಯನ್ನು ಅಲ್ಲಿ ಕಂಡು, ಆ ರಾತ್ರಿ ನಿದ್ದೆ ಬರಲಿಲ್ಲವೆಂದು ಬರೆದ. ಅದಕ್ಕಿಂತ ದೊಡ್ಡ ಬಹುಮಾನ ನನಗೆ ಬೇಕಿರಲಿಲ್ಲ.

ಆದರೂ ಆಸೆ ಅಲ್ಲಿಗೆ ನಿಲ್ಲಲಿಲ್ಲ. ಚಿತ್ರಗಳನ್ನು ಮಾರಿಕೊಡುವ ಇನ್ನೊಂದು ತಾಣಕ್ಕೆ ಅರುವತ್ತು ಚಿತ್ರಗಳನ್ನು ಕಳುಹಿಸಿದೆ, ಮೂವತ್ತನಾಲ್ಕು ಸ್ವೀಕೃತವಾದವು. ಕೊಳ್ಳುವವರು ಇಂಗ್ಲಿಷಿನಲ್ಲಿ ಹುಡುಕುವುದರಿಂದ ಹೆಸರುಗಳೂ ಇಂಗ್ಲಿಷಿನಲ್ಲೇ ಇರಬೇಕಿತ್ತು. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿದ್ದ ವೇಷಧಾರಿ ಅಲ್ಲಿ ಕೇವಲ 'ಇಂಡಿಯನ್ ಡ್ಯಾನ್ಸರ್' ಆದರು. ಗುರುತು ಸಿಗುವ ಮುಖವಿದ್ದರೆ ಆ ವ್ಯಕ್ತಿಯ ಲಿಖಿತ ಒಪ್ಪಿಗೆ ಬೇಕು, ಇಲ್ಲವಾದರೆ ಜಾಹೀರಾತಿಗೆ ಮಾರುವಂತಿಲ್ಲ ಎಂಬ ನಿಯಮವಿತ್ತು. ಇದೊಂದು ವೃಥಾ ತೊಡಕೆಂದು ಅಂದು ಗೊಣಗಿದೆ. ಒಂದು ಚಿತ್ರ ಮಾರಾಟವಾದರೆ ನನಗೆ ದಕ್ಕುತ್ತಿದ್ದುದು ಒಂದು ಲೋಟ ಚಹಾದ ಬೆಲೆ. ಎರಡು ವರ್ಷಗಳಲ್ಲಿ ಕೂಡಿದ ಮೊತ್ತ, ಅವರು ಪಾವತಿ ಮಾಡುವ ಕನಿಷ್ಠ ಮಿತಿಯನ್ನೂ ಮುಟ್ಟಲಿಲ್ಲ.

ಇನ್ನು ತಪ್ಪಿನ ವಿಷಯ. ಶಾಲೆಯ ಹಿಂದಿನ ಗುಡ್ಡದ ಮನೆಯ ಅಜ್ಜಿಯೊಬ್ಬರು ಜಗಲಿಯಲ್ಲಿ ಮಡಿಲಿಗೆ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಸಂಜೆಯ ಬೆಳಕು ಅವರ ಮುಖದ ಮೇಲಿತ್ತು. 'ಒಂದು ಫೋಟೋ ತೆಗೆಯಲೆ?' ಎಂದಾಗ ನಕ್ಕು ತಲೆಯಾಡಿಸಿದರು. ಮಾರಾಟದ ತಾಣಕ್ಕೆ ಒಪ್ಪಿಗೆಪತ್ರ ಬೇಕಿದ್ದುದರಿಂದ ಆ ಚಿತ್ರವನ್ನು ಹಂಚಿಕೆಯ ತಾಣದಲ್ಲಿಯೇ ಹಾಕಿದೆ. ಶೀರ್ಷಿಕೆ 'ವೃದ್ಧೆ' ಎಂದಷ್ಟೆ. ನಾಲ್ಕು ವರ್ಷಗಳ ಬಳಿಕ, ದೂರದ ನಗರದಲ್ಲಿರುವ ಹಳೆ ವಿದ್ಯಾರ್ಥಿನಿಯೊಬ್ಬಳು ಒಂದು ಕರಪತ್ರದ ಪ್ರತಿಯನ್ನು ಕಳುಹಿಸಿದಳು. ದಾನ ಬೇಡುವ ಕರಪತ್ರವದು. ಅದರಲ್ಲಿ ನಮ್ಮ ಅಜ್ಜಿ. ಕೆಳಗೆ, ಯಾರೂ ಇಲ್ಲದ ಅನಾಥ ವೃದ್ಧೆ ಎಂಬರ್ಥದ ಒಕ್ಕಣೆ. ಚಿತ್ರ ತೆಗೆದವರ ಹೆಸರಿಲ್ಲ.

ನನಗೆ ಸಿಟ್ಟು ಬಂದಿತು. ಒಂಬತ್ತನೆಯ ತರಗತಿಯಲ್ಲಿ ಕೃತಿಸ್ವಾಮ್ಯದ ಬಗ್ಗೆ ಉಪನ್ಯಾಸವನ್ನೇ ಕೊಟ್ಟೆ. 1957ರ ಕಾಯ್ದೆಯ ಪ್ರಕಾರ ಚಿತ್ರ ತೆಗೆದವರೇ ಅದರ ಕರ್ತೃ. 2012ರ ತಿದ್ದುಪಡಿಯ ಬಳಿಕ ಆ ಹಕ್ಕು ಅವರ ಜೀವಿತಾವಧಿಗೂ ಅನಂತರದ 60 ವರ್ಷಗಳಿಗೂ ಇದೆ. ನನ್ನನ್ನು ಒಂದು ಮಾತು ಕೇಳಬಾರದಿತ್ತೆ ಎಂದೆ. ಹಿಂದಿನ ಬೆಂಚಿನಿಂದ ಅಜ್ಜಿಯ ಮೊಮ್ಮಗಳು ಎದ್ದು ನಿಂತಳು. 'ಟೀಚರ್, ಫೋಟೋವನ್ನು ಎಲ್ಲರಿಗೂ ತೋರಿಸುತ್ತೇನೆಂದು ನೀವು ಅಜ್ಜಿಗೆ ಹೇಳಿದ್ದಿರಾ?'

ಉತ್ತರಿಸಲು ನನ್ನಲ್ಲಿ ಏನೂ ಇರಲಿಲ್ಲ. ಸಂಜೆ ಆ ಮನೆಗೆ ಹೋದೆ. ಅಜ್ಜಿ ಕರಪತ್ರವನ್ನು ಬಹಳ ಹೊತ್ತು ನೋಡಿದರು. 'ನಾನು ಯಾರ ಮುಂದೆಯೂ ಕೈಯೊಡ್ಡಿದವಳಲ್ಲ ಟೀಚರೆ. ಬೀಡಿ ಕಟ್ಟಿಯೇ ನಾಲ್ವರನ್ನು ನಿಮ್ಮ ಶಾಲೆಯಲ್ಲಿ ಓದಿಸಿದ್ದೇನೆ' ಎಂದರು. ಬಳಿಕ ಚಾ ಕುಡಿದು ಹೋಗಿ ಎಂದು ಒತ್ತಾಯಿಸಿದರು. ಆ ಚಾ ಗಂಟಲಲ್ಲಿ ಇಳಿಯುವುದು ಕಷ್ಟವಾಯಿತು.

ವಿಚಾರಿಸಿದಾಗ ನನ್ನ ಅಜ್ಞಾನವೂ ಬಯಲಾಯಿತು. ಚಿತ್ರವನ್ನು ಏರಿಸುವಾಗ ನಾನು ಓದದೆ ಆಯ್ದುಕೊಂಡಿದ್ದುದು ಕ್ರಿಯೇಟಿವ್ ಕಾಮನ್ಸ್ ಪರವಾನಗಿ. ಜ್ಞಾನವನ್ನು ಮುಕ್ತವಾಗಿ ಹಂಚಲೆಂದು 2002ರಲ್ಲಿ ಬಂದ ಒಳ್ಳೆಯ ವ್ಯವಸ್ಥೆಯದು. ಅದರಲ್ಲಿ ಹಲವು ಬಗೆಗಳಿವೆ. ನಾನು ಒತ್ತಿದ್ದುದು, ಕರ್ತೃವಿನ ಹೆಸರು ಹೇಳಿ ಯಾರೂ ಯಾವ ಕೆಲಸಕ್ಕೂ ಬಳಸಬಹುದೆಂಬ ಬಗೆ. ಒಮ್ಮೆ ಕೊಟ್ಟ ಪರವಾನಗಿಯನ್ನು ಪಡೆದವರಿಂದ ಹಿಂದಕ್ಕೆ ಪಡೆಯಲಾಗದು. ಮೇಲಾಗಿ ಅದು ಛಾಯಾಗ್ರಾಹಕರ ಹಕ್ಕನ್ನು ಮಾತ್ರ ಕುರಿತದ್ದು. ಚಿತ್ರದಲ್ಲಿರುವವರ ಒಪ್ಪಿಗೆಯನ್ನು ನಾವೇ ಕೇಳಿ ಪಡೆಯಬೇಕು. ಕರಪತ್ರದವರು ನನ್ನ ಹೆಸರು ಬಿಟ್ಟದ್ದು ತಪ್ಪು, ಸುಳ್ಳು ಒಕ್ಕಣೆ ಬರೆದದ್ದು ದೊಡ್ಡ ತಪ್ಪು. ಆದರೆ ಅಜ್ಜಿಯ ಹೆಸರು, ಕೆಲಸ, ಊರು ಯಾವುದನ್ನೂ ಬರೆಯದೆ ಆ ಸುಳ್ಳಿಗೆ ಜಾಗ ತೆರವು ಮಾಡಿಕೊಟ್ಟವಳು ನಾನೇ. ಮೂರು ಪತ್ರಗಳ ಬಳಿಕ ಅವರು ಚಿತ್ರವನ್ನು ತೆಗೆದರು. ಅಚ್ಚಾಗಿ ಹಂಚಿಹೋದ ಪ್ರತಿಗಳು ಇಂದಿಗೂ ಎಲ್ಲೋ ಇವೆ.

ಗಡಿಯಲ್ಲಿರುವ ನಮಗೆ ಇದು ಹೊಸ ಅನುಭವವಲ್ಲ. 1956ರಿಂದೀಚೆಗೆ ನಮ್ಮ ಊರು, ಮನೆತನ, ಮಾತುಗಳ ಹೆಸರನ್ನು ನಾವೇ ಬರೆದಿಡದಿದ್ದರೆ ಬೇರೆಯವರು ತಮಗೆ ತೋಚಿದಂತೆ ಬರೆದುಕೊಳ್ಳುವರೆಂಬುದನ್ನು ಕಂಡಿದ್ದೇವೆ. ಚಿತ್ರಕ್ಕೂ ಅದೇ ಮಾತು. ಆದುದರಿಂದ ನನ್ನ ಬಿನ್ನಹಗಳು ಇಷ್ಟು.

ಹಳೆಯ ಚಿತ್ರ ಕೊಡುವಾಗ ಅದರಲ್ಲಿರುವವರ ಹೆಸರು, ಊರು, ಸುಮಾರು ವರ್ಷವನ್ನು ಕನ್ನಡದಲ್ಲಿ ಬರೆದುಕೊಡಿ. ಎಂಬತ್ತು ದಾಟಿದವರು ಮನೆಯಲ್ಲಿದ್ದರೆ ಇಂದೇ ಕೇಳಿ ಬರೆದುಕೊಳ್ಳಿ. ಆ ಹೆಸರುಗಳನ್ನು ಬಲ್ಲವರು ಅವರು ಮಾತ್ರ. ಮೂಲ ಪ್ರತಿ ನಿಮ್ಮಲ್ಲೇ ಇರಲಿ; ಶಾಲೆಯಲ್ಲಿ ಸ್ಕ್ಯಾನ್ ಮಾಡಿ ಹಿಂದಿರುಗಿಸುತ್ತೇವೆ. ಫೋನಿನ ಚಿತ್ರವಾದರೆ ವಾಟ್ಸ್ಆ್ಯಪ್‌ನಲ್ಲಿ 'ಡಾಕ್ಯುಮೆಂಟ್' ಆಗಿ ಕಳುಹಿಸಿ; ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗುತ್ತದೆ, ತೆಗೆದ ದಿನಾಂಕದ ಮಾಹಿತಿಯೂ ಅಳಿಯುತ್ತದೆ.

ಅಂತರ್ಜಾಲವನ್ನು ಮಾತ್ರ ನೆಚ್ಚಬೇಡಿ. ಪನೋರಮಿಯೊ ಎಂಬ ತಾಣ 2016ರಲ್ಲಿ ಮುಚ್ಚಿತು. ಫ್ಲಿಕರ್ 2018ರಲ್ಲಿ ಉಚಿತ ಖಾತೆಗೆ ಸಾವಿರ ಚಿತ್ರಗಳ ಮಿತಿ ಘೋಷಿಸಿತು. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ಕೊನೆಗೊಂಡಿತು. ಅದಕ್ಕಾಗಿ ಶಾಲೆಯ ಸಂಗ್ರಹದ ಮೂರು ಪ್ರತಿಗಳಿರುತ್ತವೆ: ಕಚೇರಿಯ ಗಣಕದಲ್ಲಿ ಒಂದು, ಪ್ರತ್ಯೇಕ ಹಾರ್ಡ್ ಡಿಸ್ಕಿನಲ್ಲಿ ಒಂದು, ಬೇರೆ ಕಟ್ಟಡದಲ್ಲಿ ಮತ್ತೊಂದು.

ಇಂದಿನ ಮಕ್ಕಳ ಚಿತ್ರಗಳನ್ನು ಹೆತ್ತವರ ಲಿಖಿತ ಒಪ್ಪಿಗೆಯಿಲ್ಲದೆ ಶಾಲೆಯು ಅಂತರ್ಜಾಲದಲ್ಲಿ ಹಾಕುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ತುಂಬದವರ ವಿಷಯದಲ್ಲಿ ಹೆತ್ತವರ ಒಪ್ಪಿಗೆಯನ್ನೇ ಕೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ಆ ಹುಡುಗಿಯ ಪ್ರಶ್ನೆ ನನಗೆ ಸಾಕು.

ಅಜ್ಜಿ ಈಗಿಲ್ಲ. ಮೊಮ್ಮಗಳು ಮನೆಯವರೊಡನೆ ಮಾತಾಡಿ, ಆ ಚಿತ್ರವನ್ನು ಸಂಚಿಕೆಯಲ್ಲಿ ಅಚ್ಚು ಮಾಡಲು ಒಪ್ಪಿಗೆ ಬರೆದುಕೊಟ್ಟಿದ್ದಾಳೆ. ಅದರ ಕೆಳಗಿನ ಒಕ್ಕಣೆ ಅವಳದೇ: ಅಜ್ಜಿಯ ಹೆಸರು, ಮನೆಯ ಹೆಸರು, 'ಬೀಡಿ ಕಟ್ಟಿ ನಾಲ್ಕು ಮಕ್ಕಳನ್ನು ಈ ಶಾಲೆಯಲ್ಲಿ ಓದಿಸಿದವರು.' ಚಿತ್ರ ತೆಗೆದವರ ಹೆಸರು ಬೇಡವೆಂದು ನಾನು ಹೇಳಿದ್ದೆ. 'ಅದೂ ಇರಲಿ ಟೀಚರ್, ನೀವೇ ಕಲಿಸಿದ್ದಲ್ಲವೆ' ಎಂದು ಅವಳೇ ಸೇರಿಸಿದಳು.

ನಿಮ್ಮ ಆಲ್ಬಮ್ಮುಗಳಿಗಾಗಿ ಶಾಲೆ ಕಾದಿದೆ.