ಡೈರಿಯಲ್ಲಿ ನನ್ನ ಹೆಸರು

ಮೈಕ್ ಹಿಡಿದು ನನಗೆ ಅಭ್ಯಾಸವಿಲ್ಲ, ಈ ಕೈಗೆ ಒಗ್ಗಿದ್ದು ಮೆಹಂದಿ ಕೋನ್. ಹದಿನಾಲ್ಕು ವರ್ಷದಿಂದ ಡೊಂಬಿವಲಿಯಲ್ಲಿದ್ದುಕೊಂಡು ಮುಂಬಯಿ, ಠಾಣೆಯ ಮದುಮಕ್ಕಳಿಗೆ ಮೆಹಂದಿ ಹಾಕುತ್ತಿದ್ದೇನೆ. 'ಸ್ವಂತ ಉದ್ಯೋಗ ಮತ್ತು ಆರೋಗ್ಯ' ಎಂಬ ವಿಷಯ ಕೊಟ್ಟಿದ್ದೀರಿ. ಆರೋಗ್ಯ ಕೆಡಿಸಿಕೊಂಡದ್ದರ ಬಗ್ಗೆ ಚೆನ್ನಾಗಿಯೇ ಹೇಳಬಲ್ಲೆ!

ಊರಲ್ಲಿ ಆಷಾಢ ಬಂತೆಂದರೆ ಅಮ್ಮ ಗೋರಂಟಿ ಸೊಪ್ಪು ರುಬ್ಬಿ ನಮ್ಮ ಬೆರಳಿಗೆಲ್ಲ ಟೊಪ್ಪಿಗೆಯಂತೆ ಮೆತ್ತುತ್ತಿದ್ದರು. ಅವತ್ತು ನಮಗೆ ಯಾವ ಕೆಲಸವೂ ಇಲ್ಲ, ತುತ್ತನ್ನೂ ಅವರೇ ಬಾಯಿಗಿಡಬೇಕು. ಆ ಗೋರಂಟಿಯೇ ನನಗೆ ಬಿಡುವಿಲ್ಲದ ದುಡಿಮೆಯಾಯಿತು ನೋಡಿ.

ಕರ್ವಾ ಚೌತ್‌ನಿಂದ ನಮ್ಮ ಓಡಾಟ ಶುರು. ತುಳಸಿ ವಿವಾಹ ಮುಗಿದರೆ ಮದುವೆಗಳ ಸಾಲು. ಒಬ್ಬ ಮದುಮಗಳ ಎರಡು ಕೈ, ಎರಡು ಕಾಲಿಗೆ ಐದಾರು ಗಂಟೆ ಬೇಕು. ಏಳುವಾಗ "ಆಂಟಿ, ನನಗೊಂದು ಚಿಕ್ಕ ಬಳ್ಳಿ" ಎಂದು ಹತ್ತು ಕೈ ಚಾಚಿರುತ್ತವೆ. ಮನೆಗೆ ಬಂದು ಪುಡಿ ಕಲಸಿ, ಬಟ್ಟೆಯಲ್ಲಿ ಸೋಸಿ, ನಾಳೆಯ ಕೋನ್ ಕಟ್ಟಬೇಕು. ರಾತ್ರಿ ಹನ್ನೊಂದಕ್ಕೂ ವಾಟ್ಸಾಪ್‌ನಲ್ಲಿ "ರೇಟ್ ಎಷ್ಟು?" ಉತ್ತರ ಕೊಡದಿದ್ದರೆ ಗಿರಾಕಿ ಬೇರೆಯವರ ಪಾಲು ಎಂಬ ಭಯ.

ಒಂದು ಡಿಸೆಂಬರ್‌ನಲ್ಲಿ ಮೂರು ದಿನಕ್ಕೆ ಮೂರು ಮದುಮಕ್ಕಳನ್ನು ಒಪ್ಪಿಕೊಂಡೆ. ವಿನ್ಯಾಸದೊಳಗೆ ವರನ ಹೆಸರು ಅಡಗಿಸಿ ಬರೆಯುವ ಪದ್ಧತಿ ನಿಮಗೆ ಗೊತ್ತು. ಮೂರನೆಯವಳ ಅಂಗೈಯಲ್ಲಿ ಹಿಂದಿನ ದಿನದ ವರನ ಹೆಸರು ಬರೆದುಬಿಟ್ಟೆ. ತಂಗಿ ಓದಿ "ಇದ್ಯಾರು?" ಎಂದಳು. ಹಾಡು ಹೇಳುತ್ತಿದ್ದವರು ನಿಲ್ಲಿಸಿದರು. ತಕ್ಷಣ ಒರೆಸಿದೆ, ಆದರೆ ಬಣ್ಣ ಹಿಡಿದಿತ್ತು. ಅದರ ಮೇಲೊಂದು ದಟ್ಟ ಕಮಲ ತುಂಬಿಸಿದೆ. ಹುಡುಗಿ ಪುಣ್ಯಾತ್ಗಿತ್ತಿ, ನಕ್ಕಳು. ಅವಳ ತಾಯಿ ನಗಲಿಲ್ಲ. ದುಡ್ಡು ಬೇಡವೆಂದು ಎದ್ದು ಬಂದೆ.

ಆ ರಾತ್ರಿ ಮಗಳು "ಅಮ್ಮಾ, ನನಗೂ ಹಾಕು" ಎಂದು ಕೈ ಚಾಚಿದಳು. ತಳ್ಳಿಬಿಟ್ಟೆ. ಹೆಸರು ತಪ್ಪಿದ್ದಕ್ಕಿಂತ ಅದು ಇಂದಿಗೂ ಚುಚ್ಚುತ್ತದೆ.

ಹೆಬ್ಬೆರಳ ಬುಡದ ಸ್ನಾಯುರಜ್ಜಿನ ಕವಚ ಊದಿಕೊಂಡಿದೆ ಎಂದು ಡಾಕ್ಟರು ಪಟ್ಟಿ ಕಟ್ಟಿ, ಮೂರು ವಾರ ಕೋನ್ ಮುಟ್ಟಬೇಡಿ ಎಂದರು. ಆಗ ಓದಿದ್ದು: ಬರ್ನ್‌ಔಟ್ ಎಂದರೆ ಏನೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವಿವರಿಸಿತ್ತು. ಅದು ರೋಗವಲ್ಲ, ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದ ಫಲ. ಶಕ್ತಿ ಬತ್ತುವುದು, ಕೆಲಸದ ಮೇಲೆ ಜಿಗುಪ್ಸೆ, ಕೆಲಸ ಕೆಡುವುದು. ಮೂರೂ ನನ್ನಲ್ಲಿದ್ದವು. ನೌಕರಿಯಲ್ಲಿದ್ದಿದ್ದರೆ ಮೇಲಧಿಕಾರಿಯನ್ನು ಬೈಯಬಹುದಿತ್ತು. ಇಲ್ಲಿ ರಜೆ ಕೊಡದವಳು ನಾನೇ.

ಬಿಡುವಾದಾಗ ವಿಶ್ರಾಂತಿ ಎಂದುಕೊಂಡರೆ ಬಿಡುವು ಆಗುವುದೇ ಇಲ್ಲ. ಅದಕ್ಕೇ ಈಗ ಮದುಮಗಳ ಮರುದಿನದ ಪುಟದಲ್ಲಿ ನನ್ನ ಹೆಸರನ್ನೇ ಬರೆಯುತ್ತೇನೆ, ಗಿರಾಕಿಯ ಹಾಗೆ. ಯಾರಾದರೂ ಕೇಳಿದರೆ "ಆ ದಿನ ಬುಕ್ ಆಗಿದೆ" ಎನ್ನುತ್ತೇನೆ, ಸುಳ್ಳಲ್ಲವಲ್ಲ! ಮುಂಗಡವಿಲ್ಲದೆ ತಾರೀಖಿಲ್ಲ. ಸಂಜೆ ಏಳರ ನಂತರ ಮೆಸೇಜಿಗೆ ಉತ್ತರವಿಲ್ಲ. ನೆಂಟರ ಕೈಗಳಿಗೆ ಪಕ್ಕದ ಕಟ್ಟಡದ ಹುಡುಗಿಯನ್ನು ಕರೆದೊಯ್ಯುತ್ತೇನೆ, ಆ ದುಡ್ಡು ಅವಳದ್ದೇ. ವರನ ಹೆಸರನ್ನು ಮದುಮಗಳೇ ಚೀಟಿಯಲ್ಲಿ ಬರೆದು ನನ್ನೆದುರು ಅಂಟಿಸಬೇಕು.

ಮೊದಲ ವರ್ಷ ಆದಾಯ ಇಳಿಯಿತು, ಮುಚ್ಚಿಡುವುದಿಲ್ಲ. ದರ ಏರಿಸಿದ್ದಕ್ಕೆ ಇಬ್ಬರು ಹಳೆಯ ಗಿರಾಕಿಗಳು ಬಿಟ್ಟರು. "ಮನೆಯಲ್ಲೇ ಕೂತಿದ್ದೀಯಲ್ಲ" ಎಂಬ ಮಾತೂ ಬಂತು. ಕಳೆದ ಸೀಸನ್‌ನಲ್ಲಿ ನಾದಿನಿಯ ಮಗಳಿಗಾಗಿ ನಿಯಮ ಮುರಿದೆ, ಎರಡು ದಿನ ಬೆರಳು ಮಡಚಲಾಗಲಿಲ್ಲ.

ಇಲ್ಲಿಗೆ ಬಂದಾಗಿನಿಂದ ನಾಲ್ಕು ಜನ ಕೈ ತೋರಿಸಿ "ಒಂದೇ ಒಂದು ಬಳ್ಳಿ" ಎಂದಿದ್ದೀರಿ. ಡೈರಿ ಬ್ಯಾಗಿನಲ್ಲಿದೆ. ಇವತ್ತಿನ ಪುಟದಲ್ಲಿ ನನ್ನ ಹೆಸರಿದೆ. ಮಂಗಳವಾರ ಖಾಲಿ ಇದೆ, ಮುಂಗಡ ತನ್ನಿ.