ಜೇಮಿ ಕೋರ್ಟಿಗೆ ಹೋದ

ಲಾಕರ್ ಹತ್ತಿರ ಯಾರನ್ನೋ ‘ಗೇ’ ಅಂತ ಕೆಣಕಿದಾಗ ನೀವೂ ನಕ್ಕಿದ್ದೀರಾ? ವಿಸ್ಕಾನ್ಸಿನ್‌ನ ಜೇಮಿ ನಬೋಜ್ನಿಗೆ ಏಳನೇ ಕ್ಲಾಸಿನಲ್ಲಿ ಬೈಗುಳದಿಂದ ಶುರುವಾಯಿತು. ಹೈಸ್ಕೂಲಿನಲ್ಲಿ ಮೈಮೇಲೆ ಉಚ್ಚೆ ಹೊಯ್ದರು. ಹೊಟ್ಟೆಗೆ ಒದ್ದದ್ದಕ್ಕೆ ಆಪರೇಷನ್ನೇ ಬೇಕಾಯಿತು. ದೂರು ಕೊಟ್ಟರೆ, ‘ಗೇ ಅಂತ ತೋರಿಸಿಕೊಂಡರೆ ಇದೆಲ್ಲ ಆಗೋದೇ’ ಎನ್ನುವ ಧಾಟಿ ಶಾಲೆಯವರದು! ಅವನು ಕೋರ್ಟಿಗೆ ಹೋದ. ಬೇರೆ ಮಕ್ಕಳಿಗಿರುವ ರಕ್ಷಣೆ ಇವನಿಗೂ ಸಲ್ಲಬೇಕೆಂದು 1996ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಹೇಳಿತು. ಕೊನೆಗೆ ರಾಜಿಯಾಗಿ ಸುಮಾರು 9 ಲಕ್ಷ ಡಾಲರ್ ತೆರಬೇಕಾಯಿತು.

ನಮ್ಮ ಮನೆಗಳಲ್ಲಿ ಈ ಮಾತೇ ಏಳುವುದಿಲ್ಲ, ಒಪ್ಪಿದೆ. ನೀವಾದರೂ ಪೆಟ್ಟು ತಿಂದವನ ಪಕ್ಕ ಊಟಕ್ಕೆ ಕೂರಿ. ಕಂಡದ್ದನ್ನು ತಾರೀಖು ಹಾಕಿ ಬರೆದು ಕೌನ್ಸೆಲರ್‌ಗೆ ಕೊಡಿ. ಅವನನ್ನು ಕೇಳದೆ ಅವನ ಮನೆಯವರಿಗೆ ಮಾತ್ರ ಹೇಳಬೇಡಿ; ಕನ್ನಡ ಕೂಟದಲ್ಲಿ ಸುದ್ದಿ ಎಷ್ಟು ಬೇಗ ಹಬ್ಬುತ್ತದೆಂದು ನಿಮಗೇ ಗೊತ್ತು.