ಬೆಂಗಳೂರಿನ ಕೊಳಾಯಿಯೂ ಮಲೆನಾಡಿನ ಮಳೆಯೂ

(ಆಲ್ದೂರಿನಲ್ಲಿ ನೆರೆದ ಸಭೆಯಲ್ಲಿ ಮಾಡಿದ ಭಾಷಣ)



ಬೆಂಗಳೂರಿನ ನೀರಿನ ಕಥೆಯನ್ನು ಮಲೆನಾಡಿಗರ ಮುಂದೆ ಹೇಳುವುದೇತಕ್ಕೆ ಎಂದು ತಮ್ಮಲ್ಲಿ ಕೆಲವರಿಗಾದರೂ ತೋರಿರಬಹುದು. ಗುಡ್ಡದ ಒರತೆಯ ನೀರನ್ನು ಅಡಕೆಯ ದಬ್ಬೆಯಲ್ಲಿ ಮನೆಯಂಗಳಕ್ಕೆ ಹರಿಸಿಕೊಂಡು ಬಂದ ಜನರಿಗೆ ರಾಜಧಾನಿಯ ಕೊಳಾಯಿಯ ಗೊಡವೆ ಏಕೆ? ಉತ್ತರವು ದೂರದಲ್ಲಿಲ್ಲ. ನೆರೆಯ ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹೇಮಾವತಿಯು ಹುಟ್ಟುತ್ತಾಳೆ. ಹಾಸನ ಸೀಮೆಯನ್ನು ದಾಟಿ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಆ ಕಾವೇರಿಯ ನೀರನ್ನೇ ಇಂದು ಬೆಂಗಳೂರು ಕುಡಿಯುತ್ತಿರುವುದು. ಆದುದರಿಂದ ನಮ್ಮ ಮಲೆಗಳಲ್ಲಿ ಸುರಿದ ಮುಂಗಾರಿನ ಒಂದು ಪಾಲು ಆ ಮಹಾನಗರದ ಕೊಡಗಳನ್ನು ತುಂಬುತ್ತಿದೆ. ಈ ಕಥೆಯು ನಮ್ಮದೂ ಹೌದು.

ಬೆಂಗಳೂರಿಗೆ ತನ್ನದೆಂದು ಹೇಳಿಕೊಳ್ಳಲು ತುಂಬಿ ಹರಿಯುವ ನದಿಯಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಅದು ನಿಂತಿದೆ. ಇದನ್ನರಿತೇ ಕೆಂಪೇಗೌಡರೂ ಅವರ ವಂಶದವರೂ ಕೆರೆಗಳನ್ನು ಕಟ್ಟಿಸಿದರು. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ, ಹಲಸೂರು ಎಂಬ ಕೆರೆಗಳೂ ಊರೊಳಗಿನ ಬಾವಿಗಳೂ ಮುನ್ನೂರು ವರ್ಷಗಳಿಗೂ ಮೇಲ್ಪಟ್ಟು ಜನರ ದಾಹವನ್ನು ತಣಿಸಿದವು. ದಂಡು ಪ್ರದೇಶವು ಬೆಳೆದಾಗ 1882ರಲ್ಲಿ ಸ್ಯಾಂಕಿ ಕೆರೆಯೂ ಆಯಿತು.

ಆದರೆ 1876ರಿಂದ 1878ರ ವರೆಗಿನ ಘೋರ ಕ್ಷಾಮವು ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನರನ್ನು ನುಂಗಿತು. ಕೇವಲ ಕೆರೆಗಳನ್ನು ನಂಬಿ ಪಟ್ಟಣವು ಬಾಳಲಾರದೆಂಬ ಪಾಠ ಅದರಿಂದ ದೊರೆಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಅರ್ಕಾವತಿಗೆ ಹೆಸರಘಟ್ಟದಲ್ಲಿ ಜಲಾಶಯವು ಸಿದ್ಧವಾಗಿ, 1896ರಲ್ಲಿ ಶುದ್ಧೀಕರಿಸಿದ ನೀರು ಪಟ್ಟಣಕ್ಕೆ ಬಂದಿತು. ಹೆಸರಘಟ್ಟದಿಂದ ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ಹರಿದು, ಅಲ್ಲಿಂದ ಯಂತ್ರಗಳ ಬಲದಿಂದ ಮೇಲೆ ಬಂದ ಆ ನೀರಿಗೆ ಚಾಮರಾಜೇಂದ್ರ ಜಲಕಾಮಗಾರಿ ಎಂಬ ಹೆಸರಾಯಿತು. ಎರಡೇ ವರ್ಷಗಳ ತರುವಾಯ, 1898ರಲ್ಲಿ, ಪ್ಲೇಗು ಪಟ್ಟಣವನ್ನು ಹೊಕ್ಕಿತು. ಮಲ್ಲೇಶ್ವರ, ಬಸವನಗುಡಿಗಳೆಂಬ ಹೊಸ ಬಡಾವಣೆಗಳು ಬೆಳೆದುದು ಆ ದುರ್ದಿನಗಳ ತರುವಾಯವೇ.

ಇಲ್ಲಿ ಒಂದು ಸಂಗತಿಯನ್ನು ತಾವು ಗಮನಿಸಬೇಕು. ಆಗ ಬೆಂಗಳೂರು ಒಂದಾಗಿರಲಿಲ್ಲ. ಪೇಟೆಯು ಮಹಾರಾಜರ ಆಳ್ವಿಕೆಯಲ್ಲಿ, ದಂಡು ಇಂಗ್ಲಿಷರ ಅಧೀನದಲ್ಲಿ ಇದ್ದವು. ಎರಡಕ್ಕೂ ಹೆಸರಘಟ್ಟದ ನೀರೇ ಹೋಯಿತು. ಎರಡು ಪುರಸಭೆಗಳು ಒಂದೇ ಕಾರ್ಪೊರೇಷನ್ ಆದುದು 1949ರಲ್ಲಿ. ಕನ್ನಡ ನಾಡು ಒಂದಾದುದು 1956ರಲ್ಲಿ. ಆಡಳಿತವು ಗೆರೆ ಎಳೆದಿದ್ದ ಕಡೆಯಲ್ಲಿಯೂ ನೀರು ಜನರನ್ನು ಮೊದಲೇ ಕೂಡಿಸಿತ್ತು.

ಮಳೆ ಕೈಕೊಟ್ಟಾಗ ಹೆಸರಘಟ್ಟವು ಬತ್ತಿತು. ಆಗ ವಿಶ್ವೇಶ್ವರಯ್ಯನವರಂಥ ಹಿರಿಯರ ಸಲಹೆಯನ್ನು ಪಡೆದು, ಅರ್ಕಾವತಿ ಕುಮುದ್ವತಿಗಳ ಸಂಗಮದಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರವನ್ನು 1933ರಲ್ಲಿ ಕಟ್ಟಿದರು. ಅದೂ ಸಾಲದಾಯಿತು. 1964ರಲ್ಲಿ ಜಲಮಂಡಳಿಯು ಸ್ಥಾಪಿತವಾಗಿ, 1974ರಲ್ಲಿ ಕಾವೇರಿಯ ಮೊದಲನೆಯ ಹಂತದ ನೀರು, ದಿನವೊಂದಕ್ಕೆ 13.5 ಕೋಟಿ ಲೀಟರು, ಬೆಂಗಳೂರನ್ನು ಮುಟ್ಟಿತು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಲ್ಲಿ ಶುದ್ಧಿಯಾದ ನೀರನ್ನು ಅಲ್ಲಿಂದ, ಹಾರೋಹಳ್ಳಿಯಿಂದ, ತಾತಗುಣಿಯಿಂದ, ಹೀಗೆ ಮೂರು ನೆಗೆತಗಳಲ್ಲಿ ಯಂತ್ರಗಳು ಮೇಲಕ್ಕೆ ನೂಕುತ್ತವೆ. 2012ರೊಳಗೆ ನಾಲ್ಕು ಹಂತಗಳು ಮುಗಿದು, ದಿನಕ್ಕೆ ಸುಮಾರು 145 ಕೋಟಿ ಲೀಟರಾಯಿತು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತದಿಂದ ಇನ್ನೂ 77.5 ಕೋಟಿ ಲೀಟರ್ ಸೇರಿತು. ಈ ನೀರಿಗಾಗಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕಾಯಿತು. ನಗರದ ಮೂರನೆಯ ಒಂದು ಭಾಗ ಮಾತ್ರವೇ ಕಾವೇರಿಯ ಕೊಳ್ಳದಲ್ಲಿದೆಯೆಂದು 2007ರಲ್ಲಿ ನ್ಯಾಯಮಂಡಳಿಯು ಎಣಿಕೆ ಹಾಕಿತ್ತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ತಿದ್ದಿ, ಬೆಂಗಳೂರಿನ ಕುಡಿಯುವ ನೀರಿಗೆಂದೇ 4.75 ಟಿಎಂಸಿ ಅಡಿ ಹೆಚ್ಚಾಗಿ ಕೊಟ್ಟಿತು.

ಇದು ಹೆಮ್ಮೆಯ ಕಥೆ. ಆದರೆ ಇದರೊಳಗೆ ನಾಚಿಕೆಯ ಕಥೆಯೂ ಅಡಗಿದೆ. ದೂರದ ನೀರು ಬಂದಂತೆಲ್ಲ ಹತ್ತಿರದ ನೀರನ್ನು ಪಟ್ಟಣವು ಮರೆತಿತು. ಧರ್ಮಾಂಬುಧಿಯು ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯು ಆಟದ ಮೈದಾನವಾಯಿತು. ಅರ್ಕಾವತಿಯು ಕೊಳೆತು, ಹಿರಿಯರು ಕಟ್ಟಿದ ತಿಪ್ಪಗೊಂಡನಹಳ್ಳಿಯ ನೀರು 2012ರ ಸುಮಾರಿಗೆ ಕುಡಿಯಲು ಬಾರದಾಯಿತು. 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿ, ಜನರು ಟ್ಯಾಂಕರಿನ ಹಾದಿ ಕಾದರು. ಮನೆಯ ಬಾವಿಗೆ ಕಸ ಸುರಿದು ನೆರೆಮನೆಗೆ ಕೊಡ ಹಿಡಿದು ಹೋಗುವವನನ್ನು ನಾವು ಏನೆನ್ನುತ್ತೇವೆ?

ಆದರೆ ಬೆಂಗಳೂರನ್ನು ಮಾತ್ರ ದೂರುವ ಅಧಿಕಾರ ನಮಗಿದೆಯೇ? ಶೋಲೆ ಕಾಡೂ ಅದರ ಮೇಲಣ ಹುಲ್ಲುಗಾವಲೂ ಮಳೆಯನ್ನು ಹಿಡಿದಿಟ್ಟು, ಮಾಗಿಯಲ್ಲಿಯೂ ಬೇಸಿಗೆಯಲ್ಲಿಯೂ ಹನಿಹನಿಯಾಗಿ ಹಳ್ಳಕ್ಕೆ ಬಿಡುತ್ತವೆ. ಅವನ್ನು ಕಡಿದರೆ ಆಷಾಢದಲ್ಲಿ ಪ್ರವಾಹ, ಚೈತ್ರದಲ್ಲಿ ಬರಿಯ ಕಲ್ಲು. ಕಾಫಿಯ ಹಣ್ಣನ್ನು ಪಲ್ಪ್ ಮಾಡಿದ ಕಂದು ನೀರನ್ನು ಹಳ್ಳಕ್ಕೆ ಬಿಡುವ ತೋಟಗಳು ಇಲ್ಲವೆನ್ನಲಾದೀತೇ? ಹೂಮಳೆ ತಡವಾದಾಗ ಹಳ್ಳದ ತಳ ಕಾಣುವವರೆಗೂ ಪಂಪು ಹಚ್ಚುವವರಿಲ್ಲವೇ? ನಮ್ಮ ಕೆಳಗಿನ ಊರಿಗೆ ನಾವು ಮೇಲಿನವರು ಎಂಬುದನ್ನು ಮರೆಯಬಾರದು.

ನನ್ನ ಬಿನ್ನಹ ಇಷ್ಟೇ. ಬೆಂಗಳೂರು ತನ್ನ ಕೆರೆಗಳನ್ನು ಉಳಿಸಿಕೊಳ್ಳಲಿ, ಬಳಸಿದ ನೀರನ್ನು ಶುದ್ಧಿಮಾಡಿ ಮರಳಿ ಬಳಸಲಿ, ನೀರಿನ ತೌರಾದ ಈ ಮಲೆಗಳ ರಕ್ಷಣೆಗೆ ತನ್ನ ಬೊಕ್ಕಸದಿಂದ ಒಂದು ಪಾಲನ್ನು ಕೊಡಲಿ. ಹಾಗೆ ಕೇಳುವ ಹಕ್ಕು ನಮಗಿದೆ. ಆದರೆ ಹಕ್ಕನ್ನು ಕೇಳುವವನ ಕೈ ಶುದ್ಧವಾಗಿರಬೇಕು. ಮುಂದಿನ ಮುಂಗಾರಿನೊಳಗೆ ತಮ್ಮ ತಮ್ಮ ತೋಟದ ಅಂಚಿನ ಒಂದೊಂದು ಒರತೆಯನ್ನು, ಒಂದೊಂದು ಹಳ್ಳವನ್ನು ಕಾಯುವೆವೆಂದು ಇಲ್ಲಿ ನೆರೆದವರು ನಿಶ್ಚಯಿಸಿದರೆ, ಈ ಸಭೆಯು ಸಾರ್ಥಕವಾಯಿತೆಂದು ತಿಳಿಯುವೆನು.